ಮಾತು ನಿಲ್ಲಿಸಿದ ಮಗ



ಯುಗಾದಿ ಕಳೆದು ಒಂದು ವಾರವಾಗಿರಬಹುದು, ಸಿರುಗುಪ್ಪದ ಕಡೆಯ ತಾಯಿಯೊಬ್ಬರಿಂದ ನಮಗೊಂದು ಪತ್ರ ಬಂದಿತು. ಪತ್ರ ಎರಡು ಪುಟಗಳಷ್ಟಿದ್ದರೂ ಅದರಲ್ಲಿದ್ದ ಸಂಗತಿ ಒಂದೇ. ಅವರ ಮಗನಿಗೆ 14 ವರ್ಷ. ಒಂಬತ್ತನೆಯ ತರಗತಿಯ ಪರೀಕ್ಷೆ ಬರೆದಿದ್ದಾನೆ. ಕೆಲವು ವರ್ಷಗಳ ಹಿಂದೆ ಶಾಲೆಯಿಂದ ಬಂದವನು ಚೀಲ ಕೆಳಗಿಳಿಸುವ ಮೊದಲೇ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಯಾವ ಮಾಸ್ತರು ಯಾರಿಗೆ ಬೈದರು, ಯಾರ ಬುತ್ತಿಯಲ್ಲಿ ಏನಿತ್ತು ಎಂಬುದನ್ನೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದನಂತೆ. ಈಗ "ಹ್ಞೂಂ", "ಗೊತ್ತಿಲ್ಲ", "ಏನಿಲ್ಲ" ಎಂಬ ಮೂರು ಮಾತುಗಳಲ್ಲಿ ಅವನ ದಿನ ಮುಗಿಯುತ್ತದೆ. ತಂಗಿಯ ಮೇಲೆ ಸಿಡುಕುತ್ತಾನೆ. ತಂದೆ ಒಳಗೆ ಬಂದರೆ ತಾನು ಎದ್ದು ಹೊರಗೆ ಹೋಗುತ್ತಾನೆ. "ಯಾವುದಾದರೂ ಮಠದ ವಸತಿನಿಲಯಕ್ಕೆ ಸೇರಿಸಿದರೆ ಸರಿಹೋದಾನೆಂದು ನಮ್ಮ ಯಜಮಾನರ ಅಭಿಪ್ರಾಯ. ಶಿಸ್ತು ಬಿಗಿಯಾಗಿರುವ ಸ್ಥಳ ಯಾವುದೆಂದು ತಾವು ದಯಮಾಡಿ ತಿಳಿಸಬೇಕು" ಎಂದು ಪತ್ರ ಮುಗಿಸಿದ್ದರು.

ವಿಳಾಸವೊಂದನ್ನು ಬರೆದು ಕಳುಹಿಸುವುದು ನಮಗೆ ಕಷ್ಟದ ಕೆಲಸವಾಗಿರಲಿಲ್ಲ. ನಾವೇ ಅಂತಹ ನಿಲಯದಲ್ಲಿ ಬೆಳೆದವರು. ಆದರೆ ಪತ್ರವನ್ನು ಮತ್ತೊಮ್ಮೆ ಓದಿದಾಗ ಒಂದು ಸಂಗತಿ ಮನಸ್ಸಿಗೆ ಹೊಳೆಯಿತು. ಮಗ ಕದ್ದನೆಂದಾಗಲಿ, ಶಾಲೆ ತಪ್ಪಿಸಿದನೆಂದಾಗಲಿ, ಸುಳ್ಳಾಡಿದನೆಂದಾಗಲಿ ಆ ತಾಯಿ ಎಲ್ಲಿಯೂ ಬರೆದಿರಲಿಲ್ಲ. ಅವನ ಮೇಲಿದ್ದ ಆಪಾದನೆ ಮೌನವೊಂದೇ. ಮೌನಕ್ಕೆ ಬಿಗಿಯಾದ ಶಿಸ್ತು ಔಷಧವಾದೀತೆ? ಬಳ್ಳಾರಿಗೆ ಬಂದಾಗ ತಂದೆ ಮಗ ಇಬ್ಬರೂ ನಮ್ಮ ಮನೆಗೆ ಬರಲಿ ಎಂದು ಉತ್ತರ ಬರೆದೆವು. ಅವರು ಬಂದರು. ಆ ಭೇಟಿಯನ್ನು ಅವರ ಒಪ್ಪಿಗೆ ಪಡೆದು, ಊರ ಹೆಸರನ್ನು ಬಿಟ್ಟು, ಮುಂದೆ ಹೇಳುತ್ತೇವೆ.

ಈ ಅಂಕಣಕ್ಕೆ ಹೆಣ್ಣುಮಕ್ಕಳ ವಿಷಯವಾಗಿ ಬರುವ ಪತ್ರಗಳು ಚಿಂತೆಯ ಪತ್ರಗಳು. ಗಂಡುಮಕ್ಕಳ ವಿಷಯವಾಗಿ ಬರುವವು ಬಹುಪಾಲು ದೂರಿನ ಪತ್ರಗಳು. ಮಾತು ಕೇಳುವುದಿಲ್ಲ, ಓದುವುದಿಲ್ಲ, ಬೇಗ ಏಳುವುದಿಲ್ಲ. ಓದಿನ ದೂರಿನಲ್ಲಿ ಸತ್ಯವಿಲ್ಲದಿಲ್ಲ. 2024ರ ಎಸ್ಸೆಸ್ಸೆಲ್ಸಿ ಮೊದಲ ಪರೀಕ್ಷೆಯಲ್ಲಿ ನಮ್ಮ ರಾಜ್ಯದ ಬಾಲಕಿಯರಲ್ಲಿ ನೂರಕ್ಕೆ 81.11ರಷ್ಟು ಮಂದಿ ಉತ್ತೀರ್ಣರಾದರೆ, ಬಾಲಕರಲ್ಲಿ ಉತ್ತೀರ್ಣರಾದವರು 65.90 ಮಾತ್ರ. ಮರುವರ್ಷ, 2025ರಲ್ಲಿ, ಬಾಲಕಿಯರು 74, ಬಾಲಕರು 58.07. ಒಂದೇ ಶಾಲೆ, ಒಂದೇ ಪಾಠ, ಬಹಳಷ್ಟು ಮನೆಗಳಲ್ಲಿ ಒಂದೇ ತಟ್ಟೆಯ ಊಟ. ಆದರೂ ಹದಿನಾರು ಅಂಕಿಗಳ ಅಂತರ. ಮನೆಗೆಲಸದ ಅರ್ಧ ಭಾರವನ್ನು ಹೊತ್ತು ಓದುವ ಹುಡುಗಿ ಮುಂದೆ ಹೋಗಿ, ಯಾವ ಕೆಲಸವನ್ನೂ ಹಚ್ಚದೆ ಬೆಳೆಸಿದ ಹುಡುಗ ಹಿಂದೆ ಉಳಿಯುತ್ತಾನೆ. ಇದಕ್ಕೆ ಮೊಬೈಲು ಕಾರಣ, ಗೆಳೆಯರು ಕಾರಣ, ಸೋಮಾರಿತನ ಕಾರಣ ಎನ್ನುವವರುಂಟು. ಇವೆಲ್ಲ ಇರಬಹುದು. ಆದರೆ ಮೊಬೈಲು ಹೆಣ್ಣುಮಕ್ಕಳ ಕೈಗೂ ಬಂದಿದೆಯಲ್ಲವೆ?

ಮೊದಲು ದೇಹದ ಮಾತನ್ನು ಆಡಿಬಿಡೋಣ. ಇಂತಹ ಪತ್ರಿಕೆಯಲ್ಲಿ ಅದನ್ನು ಆಡಬಾರದೆಂದು ಯಾರೂ ಭಾವಿಸಬೇಕಾಗಿಲ್ಲ. ಹುಡುಗಿಯರಲ್ಲಿ ಪ್ರಾಯದ ಬದಲಾವಣೆ ಸಾಮಾನ್ಯವಾಗಿ 8ರಿಂದ 13 ವರ್ಷಗಳೊಳಗೆ ಆರಂಭವಾಗುತ್ತದೆ. ಹುಡುಗರಲ್ಲಿ 9ರಿಂದ 14ರೊಳಗೆ. ಎತ್ತರ ಅತಿವೇಗವಾಗಿ ಬೆಳೆಯುವ ವರ್ಷ ಹುಡುಗಿಗೆ ಸುಮಾರು 12, ಹುಡುಗನಿಗೆ ಸುಮಾರು 14. ಆದುದರಿಂದ ಏಳನೆಯ ಎಂಟನೆಯ ತರಗತಿಯಲ್ಲಿ ಅಕ್ಕಪಕ್ಕದ ಬೆಂಚುಗಳಲ್ಲಿ ಕುಳಿತ ಇಬ್ಬರು ವಯಸ್ಸಿನಲ್ಲಿ ಸಮಾನರಾದರೂ ಬೆಳವಣಿಗೆಯಲ್ಲಿ ಸಮಾನರಲ್ಲ. ಹುಡುಗಿ ಒಂದೆರಡು ವರ್ಷ ಮುಂದಿರುತ್ತಾಳೆ. ಹುಡುಗನ ಗಂಟಲಿನ ಧ್ವನಿಪೆಟ್ಟಿಗೆ ದೊಡ್ಡದಾಗುತ್ತದೆ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಕೆಲವು ತಿಂಗಳ ಕಾಲ ದನಿ ಅವನ ಹಿಡಿತಕ್ಕೆ ಸಿಗುವುದಿಲ್ಲ. ನಿದ್ರೆ ಬರಿಸುವ ಸ್ರಾವ ಈ ವಯಸ್ಸಿನಲ್ಲಿ ರಾತ್ರಿ ಒಂದೆರಡು ಗಂಟೆ ತಡವಾಗಿ ಉಂಟಾಗುತ್ತದೆ. ಬೆಳಿಗ್ಗೆ ಏಳಲಾರದ ಮಗನನ್ನು ಸೋಮಾರಿ ಎಂದು ಶಪಿಸುವ ತಾಯಂದಿರು ಇದನ್ನು ನೆನಪಿಡಬೇಕು. ಮಿದುಳಿನಲ್ಲಿ ಭಾವೋದ್ರೇಕವನ್ನು ಹುಟ್ಟಿಸುವ ಭಾಗಗಳು ಮೊದಲು ಪಕ್ವವಾಗುತ್ತವೆ. ಹಿಂದುಮುಂದು ಯೋಚಿಸಿ ಅದನ್ನು ತಡೆಯುವ ಮುಂಭಾಗ ಇಪ್ಪತ್ತೈದರ ಆಸುಪಾಸಿನವರೆಗೂ ಬೆಳೆಯುತ್ತಲೇ ಇರುತ್ತದೆ. ಎತ್ತುಗಳಿಗೆ ಬಲ ಬಂದಿದೆ, ಬಂಡಿ ಹೊಡೆಯುವವನಿಗೆ ಇನ್ನೂ ಕೈ ಕುದುರಿಲ್ಲ. ಹಾಗೆಂದು ಎಲ್ಲ ಹುಡುಗರೂ ಒಂದೇ ಅಚ್ಚಿನವರಲ್ಲ. ಹುಡುಗ ಹುಡುಗಿಯರ ನಡುವಿನ ಸರಾಸರಿ ಅಂತರಕ್ಕಿಂತ ಹುಡುಗ ಹುಡುಗರ ನಡುವಿನ ಅಂತರವೇ ಎಷ್ಟೋ ಸಂಗತಿಗಳಲ್ಲಿ ದೊಡ್ಡದು.

ದೇಹದ ಕತೆ ಇಷ್ಟೇ ಆಗಿದ್ದರೆ ನಾಲ್ಕು ವರ್ಷ ತಾಳ್ಮೆಯಿಂದಿದ್ದರೆ ಸಾಕಾಗುತ್ತಿತ್ತು. ಆದರೆ ನಮ್ಮ ಮನೆಗಳು ಇದೇ ಹೊತ್ತಿನಲ್ಲಿ ಹುಡುಗನಿಗೆ ಇನ್ನೊಂದನ್ನು ಮಾಡುತ್ತವೆ. ಮನೋವಿಶ್ಲೇಷಕರಾಗಿದ್ದ ಸುಧೀರ್ ಕಾಕರ್ ಅವರು 1978ರಲ್ಲಿ ಪ್ರಕಟವಾದ ತಮ್ಮ 'ದಿ ಇನ್ನರ್ ವರ್ಲ್ಡ್' ಎಂಬ ಗ್ರಂಥದಲ್ಲಿ ಭಾರತೀಯ ಬಾಲಕನ ಬಾಲ್ಯವನ್ನು ವಿವರಿಸಿದ್ದಾರೆ. ಅವರ ಪ್ರಕಾರ ಗಂಡುಮಗು ಬಹುಕಾಲ ತಾಯಿಯ ಮಡಿಲಿನಲ್ಲಿ, ಹೆಂಗಸರ ನಡುವೆ, ಕೇಳಿದ್ದಕ್ಕೆ ಇಲ್ಲವೆನ್ನುವವರಿಲ್ಲದೆ ಬೆಳೆಯುತ್ತದೆ. ಅನಂತರ ಒಂದು ದಿನ, ಸರಿಯಾದ ಸಿದ್ಧತೆಯಿಲ್ಲದೆ, ಗಂಡಸರ ಲೋಕಕ್ಕೆ ದಾಟಿಸಲ್ಪಡುತ್ತದೆ. ಇದನ್ನು ಅವರು ಎರಡನೆಯ ಜನ್ಮವೆಂದೇ ಕರೆದರು. ಕಾಕರ್ ಅವರು ಈ ದಾಟುವಿಕೆಯನ್ನು ಐದರ ಆಸುಪಾಸಿಗೆ ಇಟ್ಟಿದ್ದಾರೆ. ನಮ್ಮ ಒಕ್ಕಲುತನದ ಮನೆಗಳಲ್ಲಿ ಅದು ಹತ್ತು ಹನ್ನೊಂದರವರೆಗೆ ಜಗ್ಗುತ್ತದೆಂದು ನಮ್ಮ ಅನುಭವ. ಅಲ್ಲಿಯವರೆಗೆ ತಾಯಿಯ ಸೆರಗು ಹಿಡಿದು ಅತ್ತವನಿಗೆ ಆಮೇಲೆ ಕೇಳಿಬರುವುದು ಒಂದೇ ಮಾತು: "ಗಂಡಸಾಗಿ ಅಳ್ತೀಯಾ?" ಅಂಜಿಕೆ, ನಾಚಿಕೆ, ದುಃಖ, ಒಂಟಿತನ ಇವೆಲ್ಲಕ್ಕೂ ಅಂದು ಬಾಗಿಲು ಮುಚ್ಚುತ್ತದೆ. ಸಿಟ್ಟಿಗೆ ಮಾತ್ರ ಮುಚ್ಚುವುದಿಲ್ಲ. ಗಂಡಸಿಗೆ ಸಿಟ್ಟು ಒಪ್ಪುತ್ತದೆಂದು ನಾವೆಲ್ಲ ಒಪ್ಪಿದ್ದೇವೆ. ತಂಗಿಯ ಮೇಲೆ ಸಿಡುಕುವ ಹುಡುಗ ಎಷ್ಟೋ ಸಲ ಅಂಜಿದವನಾಗಿರುತ್ತಾನೆ, ಅಥವಾ ಅವಮಾನ ನುಂಗಿದವನಾಗಿರುತ್ತಾನೆ. ಅದನ್ನು ಹೇಳಲು ಅವನಿಗೆ ಸಿಟ್ಟಿನ ಭಾಷೆಯೊಂದೇ ಉಳಿದಿದೆ.

ಈ ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಬೇಸಿಗೆಯ ಶಿಬಿರಗಳಲ್ಲಿ ನೂರಾರು ಹುಡುಗರನ್ನು ಕೂಡಿಸಿಕೊಂಡು, ವೀರರಿಗೆ ಕಣ್ಣೀರು ಸಲ್ಲದೆಂದು ನಾವು ಎಷ್ಟು ವರ್ಷ ಉಪನ್ಯಾಸ ಮಾಡಿದೆವೋ ಲೆಕ್ಕವಿಲ್ಲ. ಮುಂದಿನ ಸಾಲಿನ ಚಿಕ್ಕ ಹುಡುಗರು ಕಣ್ಣೊರೆಸಿಕೊಂಡು ನೆಟ್ಟಗೆ ಕುಳಿತದ್ದನ್ನು ಕಂಡು ಸಂತೋಷಪಟ್ಟದ್ದೂ ಉಂಟು.

ಒಮ್ಮೆ ಜಾತ್ರೆಯ ಕಾಲದಲ್ಲಿ ಕುರುಗೋಡಿಗೆ ಹೋಗಿದ್ದೆವು. ದೊಡ್ಡಬಸವೇಶ್ವರನ ದೇವಾಲಯವನ್ನು ನಮ್ಮ ಭಾಗದಲ್ಲಿ ನೋಡದವರು ವಿರಳ. ಒಂದೇ ಕಲ್ಲಿನಲ್ಲಿ ಕಡೆದ ಆ ಬೃಹತ್ ಬಸವನ ಮುಂದೆ ನಿಂತ ದೊಡ್ಡವರೇ ಒಂದು ಕ್ಷಣ ಸುಮ್ಮನಾಗುತ್ತಾರೆ. ಆರು ವರ್ಷದ ಹುಡುಗನೊಬ್ಬ ಆ ಮುಖವನ್ನು ಕಂಡು ಬೆದರಿ, ಅಳುತ್ತ ತಂದೆಯ ಕಾಲಿನ ಹಿಂದೆ ಅಡಗಿಕೊಂಡ. ತಂದೆ ಅಭ್ಯಾಸದಿಂದಲೇ ಗದರಿದ: "ಏ, ಗಂಡಸಾಗಿ ಅಂಜ್ತೀಯಾ?" ಆಮೇಲೆ ನಮ್ಮನ್ನು ಕಂಡು ಸಂಕೋಚಪಟ್ಟು ಕೈಮುಗಿದ. ಮಂಟಪದ ನೆರಳಿನಲ್ಲಿ ಮಾತಿಗೆ ಕುಳಿತೆವು. ಅವನಿಗೆ ಮೂವತ್ತೈದರ ಆಸುಪಾಸು. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಅದಿರಿನ ಲಾರಿಯ ಕ್ಲೀನರ್ ಆದವನು.

ಆ ಕಾಲವನ್ನು ನಮ್ಮ ಓದುಗರು ಮರೆತಿರಲಾರರು. 2000ದ ನಂತರದ ವರ್ಷಗಳಲ್ಲಿ ಚೀನಾ ದೇಶದ ಬೇಡಿಕೆಯಿಂದ ಅದಿರಿನ ಬೆಲೆ ಏರಿ, ಸಂಡೂರು ಹೊಸಪೇಟೆಗಳ ಬೆಟ್ಟಗಳಿಂದ ಹಗಲುರಾತ್ರಿ ಲಾರಿಗಳ ಸಾಲು ಹರಿಯಿತು. 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯುವವರೆಗೆ ಆ ಸಾಲು ಕಡಿಯಲಿಲ್ಲ. ಗಣಿಯಲ್ಲಿ ಯಾರು ಏನು ಗಳಿಸಿದರು, ಯಾರು ಏನು ಕಳೆದುಕೊಂಡರು ಎಂಬುದರ ಬಗೆಗೆ ರಾಶಿ ರಾಶಿ ಕಾಗದಗಳು ಬರೆಯಲ್ಪಟ್ಟಿವೆ. ಪಾಠಿಚೀಲವನ್ನು ಮೂಲೆಗಿಟ್ಟು ಲಾರಿ ಹತ್ತಿದ ಹದಿಮೂರು ಹದಿನಾಲ್ಕರ ಹುಡುಗರ ಲೆಕ್ಕವನ್ನು ಅಷ್ಟು ಶ್ರದ್ಧೆಯಿಂದ ಬರೆದವರನ್ನು ನಾವು ಕಾಣೆವು. "ರಾತ್ರಿ ಘಾಟಿನಾಗ ಗಾಡಿ ನಿಂತರ ಡ್ರೈವರ್ ಮಲಗಿಬಿಡ್ತಿದ್ದ ರೀ. ನಾ ಒಬ್ಬನೇ ಎದ್ದಿರ್ತಿದ್ದೆ. ಅಂಜಿಕೆ ಆಗ್ತಿತ್ತು. ಯಾರಿಗೆ ಹೇಳೋದು?" ಎಂದ ಆತ. ಹೇಳಿ ತಾನೇ ನಕ್ಕ. ಅಂದಿನ ಆ ಹುಡುಗರೇ ಇಂದು ತಂದೆಯರು. ಅವರ ಮಕ್ಕಳು ಈಗ ಶಾಲೆಯ ಮೆಟ್ಟಿಲು ಹತ್ತುತ್ತಿದ್ದಾರೆ. ತಮಗೆ ಯಾರೂ ಕಲಿಸದ ಮಾತನ್ನು ಅವರು ಮಕ್ಕಳಿಗೆ ಕಲಿಸುವುದು ಹೇಗೆ?

ಬಳ್ಳಾರಿ ನಗರದಲ್ಲಿ ಇಂದು ಲಾರಿಯ ಜಾಗದಲ್ಲಿ ಜೀನ್ಸ್ ಹೊಲಿಗೆಯ ಕೆಲಸವಿದೆ. ಮನೆಮನೆಯಲ್ಲಿ ಹೊಲಿಗೆಯಂತ್ರ; ರಜೆಯಲ್ಲಿ ದಾರ ಕತ್ತರಿಸಲು ಕುಳಿತ ಹುಡುಗ ರಜೆ ಮುಗಿದರೂ ಏಳದಿರುವುದುಂಟು. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ; ಶಾಲೆ ಬಿಟ್ಟ ಹೊತ್ತಿನಲ್ಲಿ ಮನೆಯವರ ಕೆಲಸಕ್ಕೆ ನೆರವಾಗುವುದಕ್ಕೆ ವಿನಾಯಿತಿಯುಂಟು.

ಗಂಡುಮಕ್ಕಳ ಮೌನದಲ್ಲಿ ಇನ್ನೊಂದು ಸಂಗತಿ ಹುದುಗಿರಬಹುದು. ಅದನ್ನು ಬರೆಯಲು ಲೇಖನಿ ಹಿಂಜರಿದರೂ ಬರೆಯಲೇಬೇಕು. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿ ಒಂದು ವರದಿ ಪ್ರಕಟಿಸಿತು. ಹೊಡೆತ ತಿಂದವರಲ್ಲಿ ಮಾತ್ರವಲ್ಲ, ಲೈಂಗಿಕ ಹಿಂಸೆಗೆ ಒಳಗಾದೆವೆಂದ ಮಕ್ಕಳಲ್ಲಿಯೂ ಅರ್ಧಕ್ಕಿಂತ ತುಸು ಹೆಚ್ಚು ಗಂಡುಮಕ್ಕಳೇ ಇದ್ದರು. ಮಗಳನ್ನು ಒಂಟಿಯಾಗಿ ಕಳುಹಿಸಲು ನೂರು ಸಲ ಯೋಚಿಸುವ ನಾವು, ಮಗನ ವಿಷಯದಲ್ಲಿ ಒಂದು ಸಲವೂ ಯೋಚಿಸುವುದಿಲ್ಲ. 2012ರ ಪೋಕ್ಸೋ ಕಾಯಿದೆ ಗಂಡು ಹೆಣ್ಣೆಂಬ ಭೇದವಿಲ್ಲದೆ 18 ವರ್ಷದೊಳಗಿನ ಎಲ್ಲ ಮಕ್ಕಳಿಗೂ ರಕ್ಷಣೆ ನೀಡುತ್ತದೆ. ಮಗ ಇದ್ದಕ್ಕಿದ್ದಂತೆ ಒಬ್ಬ ವ್ಯಕ್ತಿಯ ಬಳಿ ಅಥವಾ ಒಂದು ಸ್ಥಳಕ್ಕೆ ಹೋಗಲಾರೆನೆಂದರೆ, ಬೈಯುವ ಮೊದಲು ಏಕೆಂದು ಕೇಳಿರಿ. ಅವನು ಹೇಳಿದ್ದನ್ನು ನಂಬಿರಿ. ನೆರವಿಗೆ 1098 ಎಂಬ ಉಚಿತ ದೂರವಾಣಿ ಇದೆ.

ಇನ್ನು ಆ ಸಿರುಗುಪ್ಪದ ತಂದೆ ಮಗನ ಭೇಟಿ. ತಂದೆ ಭತ್ತದ ಲೆಕ್ಕಕ್ಕಾಗಿ ಬಳ್ಳಾರಿಗೆ ಬಂದವರು. ಮಗ ಅವರಿಗಿಂತ ಒಂದು ಗೇಣು ಎತ್ತರ. ತುಟಿಯ ಮೇಲೆ ಆಗತಾನೆ ಮೂಡಿದ ಮೀಸೆ. "ಗುರುಗಳೇ, ಇವನಿಗೆ ಒಂದೆರಡು ಬುದ್ಧಿಮಾತು ಹೇಳ್ರಿ" ಎಂದು ತಂದೆ ಮಗನನ್ನು ನಮ್ಮ ಎದುರಿಗೆ ಕೂರಿಸಿದರು. ನಾವು ಬುದ್ಧಿಮಾತು ಹೇಳಲಿಲ್ಲ. ಪ್ರಶ್ನೆಗಳನ್ನು ಕೇಳಿದೆವು, ಅದೂ ವ್ಯರ್ಥವಾಯಿತು. "ಹ್ಞೂಂ", "ಗೊತ್ತಿಲ್ಲ" ಎಂದು ಹುಡುಗ ನೆಲ ನೋಡುತ್ತ ಕುಳಿತ.

ಆಗ ನಮಗೆ ನಮ್ಮ ಬಾಲ್ಯದ ಅಡುಗೆಮನೆ ನೆನಪಾಯಿತು. ಹತ್ತನೆಯ ವಯಸ್ಸಿಗೆ ನಮ್ಮನ್ನು ಮಠದ ನಿಲಯಕ್ಕೆ ಬಿಟ್ಟುಹೋದಾಗ ನಾವು ತಿಂಗಳುಗಟ್ಟಲೆ ಕಂಬಳಿಯೊಳಗೆ ಮುಖವಿಟ್ಟು ಅತ್ತೆವು. ದೊಡ್ಡ ಹುಡುಗರಿಗೆ ಅದು ಗೊತ್ತಾಗಿ ನಮಗೊಂದು ಅಡ್ಡಹೆಸರು ಬಿತ್ತು. ಪಾಠ ಹೇಳುತ್ತಿದ್ದ ಒಬ್ಬರು ಆ ಹೆಸರಿನಿಂದಲೇ ಹಾಜರಿ ಕೂಗಿದರು. ಅಂದಿನಿಂದ ಅಳು ನಿಂತಿತು. ಅದರೊಡನೆ ಮಾತೂ ನಿಂತಿತು. ಅಡುಗೆ ಮಾಡುತ್ತಿದ್ದ ಮುದುಕರೊಬ್ಬರು ಮಾತ್ರ ಸಂಜೆ ನಮ್ಮನ್ನು ಕರೆದು, ಮೊರದಲ್ಲಿ ಅಕ್ಕಿ ಹಾಕಿ, ಕಲ್ಲು ಆರಿಸಲು ಕೂರಿಸುತ್ತಿದ್ದರು. ಏನನ್ನೂ ಕೇಳುತ್ತಿರಲಿಲ್ಲ. ಒಲೆಯ ಕಡೆ ಮುಖ ಮಾಡಿಕೊಂಡು ತಮ್ಮ ಊರು, ತಮ್ಮ ಎಮ್ಮೆ, ತೀರಿಹೋದ ತಮ್ಮ ಹೆಂಡತಿ ಎಂದು ತಾವೇ ಮಾತನಾಡುತ್ತಿದ್ದರು. ಎಷ್ಟು ದಿನಗಳಾದ ಮೇಲೋ, ಕೈ ಅಕ್ಕಿಯಲ್ಲಿರುವಾಗ, ನಮ್ಮ ಬಾಯಿಯೂ ತೆರೆಯಿತು. ಹುಡುಗರು ಎದುರಿಗೆ ಕೂರಿಸಿದರೆ ಮಾತನಾಡುವುದಿಲ್ಲ, ಪಕ್ಕದಲ್ಲಿ ಕುಳಿತರೆ ಮಾತನಾಡುತ್ತಾರೆ. ಇದನ್ನು ನಾವು ಯಾವ ಗ್ರಂಥದಿಂದಲೂ ಕಲಿಯಲಿಲ್ಲ.

ನಮ್ಮ ಮನೆಯಲ್ಲಿ ಅಂದು ಶೇಂಗಾ ಒಡೆಯುವುದಿತ್ತು. ಬುಟ್ಟಿಯನ್ನು ಹಿತ್ತಲ ಬಾಗಿಲಿಗೆ ಒಯ್ದು ಹುಡುಗನನ್ನು ಪಕ್ಕಕ್ಕೆ ಕೂರಿಸಿಕೊಂಡೆವು. ತಂದೆ ಒಳಗೆ ವೃತ್ತಪತ್ರಿಕೆ ಹಿಡಿದು ಕುಳಿತಿದ್ದರು. ಅರ್ಧ ಬುಟ್ಟಿ ಮುಗಿಯುವವರೆಗೆ ಶೇಂಗಾದ ಸದ್ದಷ್ಟೆ. ನಾವು ಆ ಅಡ್ಡಹೆಸರಿನ ಕತೆಯನ್ನು ಹೇಳಿದೆವು. ಹುಡುಗ ತಲೆಯೆತ್ತಿ, "ನನಗೂ ಇಟ್ಟಾರ ರೀ" ಎಂದ. ತರಗತಿಯಲ್ಲಿ ಪಾಠ ಓದುವಾಗ ದನಿ ಒಡೆದು ಕೀರಲಾಗಿದೆ. ಎಲ್ಲರೂ ನಕ್ಕಿದ್ದಾರೆ. ಅಂದಿನಿಂದ ಅವನು ಗಟ್ಟಿಯಾಗಿ ಓದಿಲ್ಲ, ಕೈಯೆತ್ತಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಬಂದಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದುದು ಎಲ್ಲರಿಗೂ ತಿಳಿದದ್ದೇ. ತುಂಬಿದ ಆಣೆಕಟ್ಟು ಬರಿದಾಗುತ್ತದೆಂಬ ಸುದ್ದಿ ಕಾಲುವೆಯ ನೀರು ನಂಬಿದ ಊರುಗಳನ್ನೆಲ್ಲ ಒಂದು ವಾರ ನಿದ್ರೆಗೆಡಿಸಿತು. ತಾತ್ಕಾಲಿಕ ಗೇಟನ್ನು ಕೂರಿಸಿದ ಬಳಿಕವೇ ಉಸಿರು ಬಂದದ್ದು. ಆ ವಾರದ ಒಂದು ರಾತ್ರಿ ಈ ಹುಡುಗ ನೀರು ಕುಡಿಯಲು ಎದ್ದಿದ್ದಾನೆ. ಕಟ್ಟೆಯ ಮೇಲೆ ತಂದೆ ಮೊಬೈಲು ಹಿಡಿದುಕೊಂಡು ಅಳುತ್ತ ಕುಳಿತಿದ್ದರು. ಮಗನನ್ನು ಕಂಡೊಡನೆ "ಹೋಗಿ ಮಲಗು" ಎಂದು ಗದರಿದ್ದಾರೆ. ಮರುದಿನವಿಡೀ ಅವನ ಮುಖ ನೋಡಿಲ್ಲ. "ನಾ ನೋಡಬಾರದಿತ್ತು ರೀ. ನಾ ನೋಡಿದ್ದಕ್ಕ ಅಪ್ಪಗ ನನ್ನ ಮ್ಯಾಲೆ ಸಿಟ್ಟು" ಎಂದ ಹುಡುಗ. ಅಷ್ಟು ದಿನ ಅವನು ಅದನ್ನೇ ನಂಬಿಕೊಂಡು ತಂದೆ ಬಂದಲ್ಲಿಂದ ಎದ್ದು ಹೋಗುತ್ತಿದ್ದ.

ಒಳಗೆ ವೃತ್ತಪತ್ರಿಕೆಯ ಪುಟ ತಿರುವುವ ಸದ್ದು ನಿಂತಿತ್ತು. ತಂದೆ ಎದ್ದು ಬಂದು, ಏನೂ ಹೇಳದೆ, ಬುಟ್ಟಿಯ ಆಚೆ ಬದಿಗೆ ಕುಳಿತು ಶೇಂಗಾ ಒಡೆಯತೊಡಗಿದರು. ಮೂವರೂ ಕೂಡಿ ಬುಟ್ಟಿ ಮುಗಿಸಿದೆವು.

ಎಲ್ಲ ಮೌನವೂ ಇಷ್ಟು ಸುಲಭವಾಗಿ ಕರಗುವುದಿಲ್ಲವೆಂಬುದನ್ನು ಹೇಳದಿದ್ದರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಎರಡು ವಾರ ಕಳೆದರೂ ಊಟ ನಿದ್ರೆ ಸರಿಹೋಗದಿದ್ದರೆ, ಮೊದಲು ಪ್ರೀತಿಸುತ್ತಿದ್ದ ಆಟವೂ ಬೇಡವಾದರೆ, ಬದುಕು ಸಾಕೆಂಬ ಮಾತು ಒಂದು ಸಲ ಬಾಯಿಂದ ಬಂದರೂ, ಅದನ್ನು ಹಟವೆಂದು ತಿಳಿಯದೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬಳ್ಳಾರಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅದೇ ವರ್ಷ ನಮ್ಮ ದೇಶದಲ್ಲಿ ತಾವಾಗಿ ಪ್ರಾಣ ಕಳೆದುಕೊಂಡವರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಗಂಡಸರು. ಹೊಡೆದು ಸರಿಪಡಿಸುತ್ತೇವೆನ್ನುವವರಿಗೆ ಒಂದೇ ಮಾತು: 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲೆಯಲ್ಲಿ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಗುರುವಿಗೇ ಇಲ್ಲದ ಅಧಿಕಾರವನ್ನು ತಂದೆ ಮನೆಯಲ್ಲಿ ಇಟ್ಟುಕೊಂಡು ಮಾಡುವುದೇನು? ವಸತಿನಿಲಯಗಳಿಂದ ಓದಿ ಬೆಳೆದವರು ಸಾವಿರಾರು, ಅವುಗಳ ಉಪಕಾರವನ್ನು ನಾವು ಮರೆತವರಲ್ಲ. ಆದರೆ ಮುನಿಸಿಗೆ ಶಿಕ್ಷೆಯೆಂದು ಅಲ್ಲಿಗೆ ಬಂದ ಹುಡುಗನ ಕಂಬಳಿಯೊಳಗೆ ಏನಿರುತ್ತದೆಂಬುದು ನಮಗೆ ಗೊತ್ತು.

ಈ ಅಂಕಣವನ್ನು ಬರೆಯುತ್ತಿರುವಾಗ ಆ ತಾಯಿಯಿಂದ ಎರಡನೆಯ ಪತ್ರ ಬಂದಿದೆ. ಮಗ ಈಗ ಸಂಜೆಯ ಹೊತ್ತು ತಂದೆಯೊಡನೆ ಗದ್ದೆಗೆ ಹೋಗುತ್ತಾನಂತೆ. ಇಬ್ಬರೂ ಹೆಚ್ಚು ಮಾತನಾಡುವುದಿಲ್ಲವಂತೆ. ಮೊನ್ನೆ ಊಟಕ್ಕೆ ಕುಳಿತಾಗ ತಂದೆ, ಮದುವೆಯಾದಂದಿನಿಂದ ಹೆಂಡತಿಗೂ ಸರಿಯಾಗಿ ಹೇಳಿರದ ಬೆಳೆಸಾಲದ ಮೊತ್ತವನ್ನು ಎಲ್ಲರ ಮುಂದೆ ಹೇಳಿದರಂತೆ. ಮಗ ಬಡ್ಡಿ ಎಷ್ಟೆಂದು ಕೇಳಿದನಂತೆ. ವಸತಿನಿಲಯದ ವಿಳಾಸ ಸದ್ಯಕ್ಕೆ ಬೇಡವೆಂದು ಬರೆದಿದ್ದಾರೆ. ಆದರೆ ರಾತ್ರಿ ಹನ್ನೊಂದಾದರೂ ಮೊಬೈಲು ಕೆಳಗಿಡುವುದಿಲ್ಲ, ಅದಕ್ಕೇನು ಮಾಡಬೇಕು ಎಂದು ಕೇಳಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.